ಕಿಡ್ನಿ ಫೇಲ್ ಆಗಿರೋ ಸ್ನೇಹಿತನಿಗೆ 50 ಸಾವಿರ ಸಾಲ ಕೊಡ್ಲಾ, ಇಲ್ಲ ಎಲ್ಲರ ಹತ್ರ ದುಡ್ಡು ಎತ್ತಿ ಕೊಡ್ಲಾ?

ಎರಡೂ ಈಗ ಬೇಡ. ನಿಮ್ಮ ಪ್ರಶ್ನೆ ಓದಿದಾಗಿಂದ ತಲೆಯಿಂದ ಹೋಗ್ತಾನೇ ಇಲ್ಲ, ಯಾಕಂದ್ರೆ 2021ರಲ್ಲಿ ನಾನೂ ಇದೇ ಲೆಕ್ಕ ಹಾಕ್ಕೊಂಡು ಕೂತಿದ್ದೆ.

ನನ್ನ ಫ್ರೆಂಡು ತುಮಕೂರಲ್ಲಿ ಫ್ಲೆಕ್ಸು, ಲಗ್ನಪತ್ರಿಕೆ ಡಿಸೈನ್ ಮಾಡೋ ಸಣ್ಣ ಅಂಗಡಿ ಇಟ್ಕೊಂಡಿದ್ದ. ಡಿಗ್ರಿ ಮೂರು ವರ್ಷ ಒಂದೇ ರೂಮಲ್ಲಿ ಇದ್ದವರು ನಾವು. ಒಂದು ವರ್ಷದಿಂದ ತಲೆನೋವು ತಲೆನೋವು ಅಂತ ಮೆಡಿಕಲ್ ಶಾಪಿಂದ ನೋವಿನ ಮಾತ್ರೆ ತಂದು ನುಂಗ್ತಾ ಇದ್ದ, ಒಂದಿನ ಉಸಿರಾಡಕ್ಕೆ ಆಗ್ದೆ ಆಸ್ಪತ್ರೆಗೆ ಹೋದ್ರೆ ಬಿಪಿ 200 ದಾಟಿದೆ, ಕ್ರಿಯಾಟಿನಿನ್ 11 (ಕಿಡ್ನಿ ಹೊರಗೆ ಹಾಕ್ಬೇಕಾದ ಕಲ್ಮಶ ರಕ್ತದಲ್ಲಿ ಎಷ್ಟು ಉಳಿದಿದೆ ಅನ್ನೋ ಲೆಕ್ಕ, ಸಾಮಾನ್ಯವಾಗಿ 1ರ ಆಸುಪಾಸು ಇರ್ಬೇಕು). ಎರಡೂ ಕಿಡ್ನಿ ಹೋಗಿತ್ತು. ಆಗ ಅವನಿಗೆ 34, ಮಗಳು ಯುಕೆಜಿ.

ನಾನು ಬೆಂಗಳೂರಲ್ಲಿ ಕೆಲಸದಲ್ಲಿದ್ದೆ. ವಿಷಯ ಗೊತ್ತಾದ ರಾತ್ರಿನೇ ನಮ್ಮ ಕಾಲೇಜಿನ ವಾಟ್ಸಾಪ್ ಗ್ರೂಪಲ್ಲಿ ಹಾಕಿದೆ, ಕತ್ತಿಗೆ ಪೈಪ್ ಹಾಕಿಸ್ಕೊಂಡು ಮಲಗಿರೋ ಅವನ ಫೋಟೋ ಸಮೇತ. ಜನ ಕೊಟ್ರು ರೀ, ಸುಳ್ಳು ಹೇಳಲ್ಲ, ಕೈಬಿಚ್ಚಿ ಕೊಟ್ರು. 12 ದಿನಕ್ಕೆ 2 ಲಕ್ಷದ 10 ಸಾವಿರ ಆಯ್ತು. ಆ ದುಡ್ಡೆಲ್ಲ ಒಂದು ಖಾಸಗಿ ಆಸ್ಪತ್ರೆಗೆ ಹೋಯ್ತು. ಅಲ್ಲಿದ್ದಿದ್ದು, ಆಮೇಲೆ ವಾರಕ್ಕೆ ಮೂರು ಡಯಾಲಿಸಿಸ್ (ಕಿಡ್ನಿ ಬದಲು ಮಷಿನಲ್ಲಿ ರಕ್ತ ಶುದ್ಧ ಮಾಡೋದು), ರಕ್ತ ಹೆಚ್ಚಾಗೋ ಇಂಜೆಕ್ಷನ್ನು, ಟೆಸ್ಟುಗಳು. ನಾಲ್ಕನೇ ತಿಂಗಳಿಗೆ ಖಾಲಿ.

ತಪ್ಪು ಇಲ್ಲೇ ಆಗಿದ್ದು, ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ಆಸ್ಪತ್ರೆ ಆಯ್ಕೆ ತಪ್ಪಾಯ್ತು ಅಂತ ನಾನು ಹೇಳ್ತಾ ಇಲ್ಲ, ಮೊದಲ ವಾರ ಜೀವ ಉಳಿಸ್ಬೇಕಿತ್ತು, ಹೋದ್ವಿ. ತಪ್ಪು ಅಂದ್ರೆ ಈ ಕಾಯಿಲೆಗೆ ತಿಂಗಳಿಗೆ ಎಷ್ಟು ಬೇಕು, ಎಷ್ಟು ವರ್ಷ ಬೇಕು ಅಂತ ಒಬ್ಬರನ್ನೂ ಕೇಳ್ದೆ ದುಡ್ಡಿಗೆ ಕೈಚಾಚಿದ್ದು. ನಾನು ಅದನ್ನ ಆಕ್ಸಿಡೆಂಟ್ ತರ ತಿಳ್ಕೊಂಡಿದ್ದೆ, ದೊಡ್ಡ ಬಿಲ್ ಬರುತ್ತೆ, ಕಟ್ತೀವಿ, ಮನೆಗೆ ಬರ್ತಾನೆ. ಡಯಾಲಿಸಿಸ್ ಹಾಗಲ್ಲ, ಅದು ಮನೆ ಬಾಡಿಗೆ ತರ, ಕಟ್ಟಿದ್ರೆ ಮುಂದಿನ ತಿಂಗಳು ಮತ್ತೆ ಬರುತ್ತೆ. ಜನ ಒಂದ್ಸಲ ಕೊಡ್ತಾರೆ. ಕೊಟ್ಟ ಮೇಲೆ ಅವರ ಮನಸ್ಸಲ್ಲಿ ಆ ವಿಷಯ ಮುಗಿದಿರುತ್ತೆ, ಅವರು ಕೆಟ್ಟವರು ಅಂತಲ್ಲ, ಅವರವರ ಮನೆಯಲ್ಲೂ ಇಎಂಐ ಇದೆ, ವಯಸ್ಸಾದ ಅಪ್ಪ ಅಮ್ಮ ಇದಾರೆ. ಆ ಒಂದೇ ಒಂದು ಸಲ ಕೇಳೋ ಅವಕಾಶನ ನಾನು ಮೊದಲ ವಾರದಲ್ಲೇ ಖರ್ಚು ಮಾಡ್ಬಿಟ್ಟೆ.

ಅದಕ್ಕೆ ಬೆಲೆ ತೆತ್ತಿದ್ದು ಅವನು. ಮುಂದಿನ ವರ್ಷ ಅವನ ಅಮ್ಮ ಕಿಡ್ನಿ ಕೊಡ್ತೀನಿ ಅಂದ್ರು. ಬ್ಲಡ್ ಗ್ರೂಪ್ ಮ್ಯಾಚ್ ಆಯ್ತು, ಮೊದಲ ಟೆಸ್ಟುಗಳು ಚೆನ್ನಾಗೇ ಬಂದ್ವು. ಕಿಡ್ನಿ ಕಸಿಗೆ ಬಿಪಿಎಲ್‌ನವರಿಗೆ ಸರ್ಕಾರದ ನೆರವಿದೆ, ಆದರೆ ಉಳಿದ ಟೆಸ್ಟುಗಳು, ಆಪರೇಷನ್ ಆದ ಮೇಲೆ ಬೆಂಗಳೂರಲ್ಲಿ ಆಸ್ಪತ್ರೆ ಹತ್ರ ಮೂರು ತಿಂಗಳು ರೂಮು, ಜೀವನಪೂರ್ತಿ ತಗೋಬೇಕಾದ ಮಾತ್ರೆಗಳಿಗೆ ಶುರುವಿನ ದುಡ್ಡು, ಮನೆ ನಡಿಬೇಕು, ಎಲ್ಲಾ ಸೇರಿ ನಮ್ಮ ಲೆಕ್ಕಕ್ಕೆ 2 ಲಕ್ಷ ಬೇಕಿತ್ತು. ಅಷ್ಟೇ. ಮೊದಲು ಎತ್ತಿದ್ದಕ್ಕಿಂತ ಕಮ್ಮಿ. ಮತ್ತೆ ಗ್ರೂಪಲ್ಲಿ ಹಾಕಿದೆ, 19 ಸಾವಿರ ಬಂತು. ಒಬ್ಬ "ಹೋದ ವರ್ಷ ಕೊಟ್ಟಿದ್ವಲ್ಲ, ಇನ್ನೂ ಹುಷಾರಾಗಿಲ್ವಾ" ಅಂತ ಕೇಳಿದ, ನಿಜವಾಗ್ಲೂ ಗೊತ್ತಿಲ್ದೆ ಕೇಳಿದ್ದು. ಅಲ್ಲಿ ಇಲ್ಲಿ ಹೊಂದಿಸೋ ಹೊತ್ತಿಗೆ ಎಂಟು ತಿಂಗಳಾಯ್ತು. ಮತ್ತೆ ಟೆಸ್ಟ್ ಮಾಡಿಸಿದ್ರೆ ಅಮ್ಮನಿಗೆ ಶುಗರ್. ಡಾಕ್ಟ್ರು ಆಗಲ್ಲ ಅಂದ್ರು. ಆ ತಾಯಿ ಕಾರಿಡಾರಲ್ಲಿ ನನ್ನ ಕೈ ಹಿಡ್ಕೊಂಡು "ಸಕ್ಕರೆ ಬಿಟ್ಟುಬಿಡ್ತೀನಿ ಅಂತ ಹೇಳಪ್ಪ ಅವರಿಗೆ" ಅಂದಿದ್ದು ಈಗಲೂ ಕಿವಿಯಲ್ಲಿದೆ.

ಇನ್ನೊಂದು ವಿಷಯ, ಇದು ನಿಮಗೆ ನೇರವಾಗಿ ಉಪಯೋಗಕ್ಕೆ ಬರುತ್ತೆ. ದುಡ್ಡು ಖಾಲಿಯಾದ ಮೇಲೆ ಬೇರೆ ದಾರಿ ಇಲ್ದೆ ಜಿಲ್ಲಾ ಆಸ್ಪತ್ರೆಗೆ ಹೋದ್ವಿ. ಅಲ್ಲಿನ ನರ್ಸ್ ಒಬ್ಬರು ಕೇಳಿದ ಮೊದಲ ಮಾತು, "ರೇಷನ್ ಕಾರ್ಡ್ ಎಲ್ಲಿ?" ನಾಲ್ಕು ತಿಂಗಳಲ್ಲಿ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅವನ ಹೆಸರು ಇನ್ನೂ ಊರಲ್ಲಿ ಅಪ್ಪನ ಬಿಪಿಎಲ್ ಕಾರ್ಡಲ್ಲೇ ಇತ್ತು. ಜಿಲ್ಲಾ ಆಸ್ಪತ್ರೆಗಳಲ್ಲಿ ಬಿಪಿಎಲ್‌ನವರಿಗೆ ಉಚಿತ ಡಯಾಲಿಸಿಸ್ ಅಂತ ಕೇಂದ್ರದ ಕಾರ್ಯಕ್ರಮ 2016ರಿಂದ ಇದೆ, ನಮ್ಮಲ್ಲಿ ಎಷ್ಟೋ ತಾಲ್ಲೂಕು ಆಸ್ಪತ್ರೆಗಳಲ್ಲೂ ಮಷಿನ್ ಇದಾವೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಆದ್ರೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಆದರೆ ತುರ್ತು ಅಲ್ದೇ ಇದ್ರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಅಲ್ಲಿಂದ ರೆಫರಲ್ ಚೀಟಿ ತಗೊಂಡ್ರೆ ಮಾತ್ರ ಖಾಸಗಿಯಲ್ಲಿ ಸಿಗೋದು. ಆ ಒಂದು ಚೀಟಿ ಇಲ್ದೆ ನಾವು ಕೈಯಿಂದ ಕಟ್ಟಿದ್ವಿ.

ಹಾಗಾಗಿ ನಿಮ್ಮ 50 ಸಾವಿರ ಬ್ಯಾಂಕಲ್ಲೇ ಇರಲಿ. ಸಾಲ ಅಂತೂ ಕೊಡಲೇಬೇಡಿ, ವಾಪಸ್ ಬರಲ್ಲ ಅನ್ನೋ ಕಾರಣಕ್ಕಲ್ಲ. ತೀರಿಸಕ್ಕೆ ಆಗ್ದೇ ಇರೋನು ಮೊದಲು ಮಾಡೋ ಕೆಲಸ ನಿಮ್ಮ ಫೋನ್ ಎತ್ತದೇ ಇರೋದು, ಕಷ್ಟದಲ್ಲಿರೋ ಟೈಮಲ್ಲಿ ಅವನು ಒಬ್ಬ ಸ್ನೇಹಿತನ್ನ ಕಳ್ಕೋತಾನೆ. ಕೊಡೋದಾದ್ರೆ ತಿಂಗಳಿಗೆ 3 ಸಾವಿರ, ವಾಪಸ್ ಬೇಡ ಅಂತ ಬಾಯಿಬಿಟ್ಟು ಹೇಳಿ ಕೊಡಿ, ಒಂದು ಖರ್ಚನ್ನ ಹಿಡ್ಕೊಳಿ. ಆಟೋ ಖರ್ಚು ಅಂತ ಇಟ್ಕೊಳಿ. ವಾರಕ್ಕೆ ಮೂರು ಸಲ ಅಂದ್ರೆ ತಿಂಗಳಿಗೆ 12-13 ಸಲ, ಹೋಗ್ತಾ ಬಸ್ಸಾದ್ರೂ ಬರ್ತಾ ಆಗಲ್ಲ, ನಾಲ್ಕು ಗಂಟೆ ಮಷಿನ್ ಮೇಲಿದ್ದು ಇಳಿದಾಗ ಹಿಂಡಿ ಹಾಕಿದ ಬಟ್ಟೆ ತರ ಆಗಿರ್ತಾರೆ. ಉಚಿತ ಡಯಾಲಿಸಿಸ್ ಅಂದ್ರೂ ಈ ಖರ್ಚು ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ಅವನನ್ನ ಕೇಳಿದ್ರೆ "ಏನೂ ಬೇಡ ಬಿಡು" ಅಂತಾನೆ, ಅವನ ಹೆಂಡತಿನ ಕೇಳಿ, ಆಕೆ ಹತ್ರ ಪೈಸೆ ಪೈಸೆ ಲೆಕ್ಕ ಇರುತ್ತೆ. ದೊಡ್ಡದಾಗಿ ಜನರನ್ನ ಕೇಳೋದನ್ನ ಕಸಿಗೆ ಅಂತ ಎತ್ತಿಡಿ, ಎಸ್ಟಿಮೇಟ್ ಕೈಯಲ್ಲಿ ಹಿಡ್ಕೊಂಡು ಆಗ ಕೇಳಿ.

ನೋಡಕ್ಕೆ ಹೋಗೋವಾಗ ಎಳನೀರು, ಬಾಳೆಹಣ್ಣು ತಗೊಂಡು ಹೋಗ್ಬೇಡಿ. ನಾವೆಲ್ಲ ಅಭ್ಯಾಸದಲ್ಲಿ ಅದನ್ನೇ ಒಯ್ತೀವಿ, ಅದರಲ್ಲಿರೋ ಪೊಟ್ಯಾಸಿಯಂ ಇವರಿಗೆ ಹೊರಗೆ ಹೋಗಲ್ಲ, ಹಾರ್ಟಿಗೆ ಅಪಾಯ. ಅವರ ಮುಂದೆ ಕೂತು ಗಟಗಟ ನೀರೂ ಕುಡೀಬೇಡಿ, ಅವರಿಗೆ ದಿನಕ್ಕೆ ಇಷ್ಟೇ ನೀರು ಅಂತ ಮಿತಿ ಇರುತ್ತೆ. ನನ್ನ ಫ್ರೆಂಡು ಬೆಳಿಗ್ಗೆ ಒಂದು ಬಾಟ್ಲಲ್ಲಿ ನೀರು ತುಂಬಿ ಇಟ್ಕೋತಾನೆ, ರಾತ್ರಿವರೆಗೆ ಕಾಫಿ, ಸಾರು ಕುಡಿದ್ರೂ ಅಷ್ಟನ್ನ ಅದರಿಂದ ಚೆಲ್ಲಿ ಲೆಕ್ಕ ಇಡ್ತಾನೆ. ಬೇಸಿಗೆಯಲ್ಲಿ ಆ ಬಾಟ್ಲ್ ನೋಡಕ್ಕಾಗಲ್ಲ.

ದುಡ್ಡು ಮುಗಿದಾಗ ನಾನು ನಾಚಿಕೆಗೆ ಎರಡು ತಿಂಗಳು ಅವನಿಗೆ ಫೋನ್ ಮಾಡ್ಲಿಲ್ಲ. ಕೊಡಕ್ಕೆ ಏನಿಲ್ಲ, ಏನು ಮಾತಾಡೋದು ಅಂತ. ಅವನೇ ಮಾಡಿದ. ಈಗ ಎರಡು ವಾರಕ್ಕೊಂದು ಶನಿವಾರ ಡಯಾಲಿಸಿಸ್‌ಗೆ ಅವನ ಜೊತೆ ಹೋಗೋ ಸರದಿ ನಂದು, ಅವನ ಹೆಂಡತಿಗೆ ಆವತ್ತು ರಜಾ. ಅವನ ಎಡಗೈಲಿ ಫಿಸ್ಟುಲಾ ಇದೆ, ಅಂದ್ರೆ ಡಯಾಲಿಸಿಸ್ ಸೂಜಿ ಚುಚ್ಚಕ್ಕೆ ಅಂತ ಆಪರೇಷನ್ ಮಾಡಿ ಎರಡು ರಕ್ತನಾಳ ಸೇರಿಸಿರೋ ಜಾಗ, ಬೆರಳಿಟ್ಟರೆ ಒಳಗೆ ಸಣ್ಣ ಮೋಟರ್ ಓಡಿದ ಹಾಗೆ ಜುಂ ಅನ್ನುತ್ತೆ, ಬೆಳಿಗ್ಗೆ ಎದ್ದ ತಕ್ಷಣ ಅದನ್ನ ಮುಟ್ಟಿ ನೋಡ್ಕೋತಾನೆ. ಸೂಜಿ ಚುಚ್ಚಿದ ಆ ಕೈ ಅಲ್ಲಾಡಿಸೋ ಹಾಗಿಲ್ಲ, ಬಲಗೈಲಿ ಫೋನ್ ಹಿಡ್ಕೊಂಡು ಲಗ್ನಪತ್ರಿಕೆ ಡಿಸೈನ್ ಮಾಡ್ತಾ ಇರ್ತಾನೆ. ನಮ್ಮ ಆಫೀಸಲ್ಲಿ ಯಾರದ್ದೇ ಮದುವೆ, ಗೃಹಪ್ರವೇಶ ಇದ್ರೂ ನಾನು ಅವನ ನಂಬರ್ ಕೊಡ್ತೀನಿ. ಆ ದುಡ್ಡು ಬಂದ ದಿನ ಅವನ ಧ್ವನಿನೇ ಬೇರೆ. ಸತ್ತವರ ಅಂಗದಾನ ನೋಡ್ಕೊಳೋ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯಲ್ಲಿ ಕಿಡ್ನಿಗೆ ಅಂತ ಅವನ ಹೆಸರು ನೋಂದಾಯಿಸಿದೀವಿ, ಕಾಯ್ತಾ ಇದೀವಿ.

ನಿಮ್ಮ ಸ್ನೇಹಿತನ ಡಯಾಲಿಸಿಸ್ ಯಾವ ಯಾವ ದಿನ, ಎಷ್ಟು ಹೊತ್ತಿಗೆ ಅಂತ ಗೊತ್ತಾ? ಪ್ರಶ್ನೆಯಲ್ಲಿ ಎಲ್ಲೂ ಬರೆದಿಲ್ಲ ನೀವು. ಇವತ್ತು ಫೋನ್ ಮಾಡಿ ಅದನ್ನ ಕೇಳಿ, ರೇಷನ್ ಕಾರ್ಡ್ ಯಾರ ಹೆಸರಲ್ಲಿದೆ ಅಂತಾನೂ ಕೇಳಿ.