ಹುಟ್ಟುಹಬ್ಬಕ್ಕೆ ಮುನ್ನ ವರ್ಷದ ಲೆಕ್ಕ

ಪ್ರಶ್ನೆ: ಮುಂದಿನ ವಾರ ನನಗೆ 40 ತುಂಬುತ್ತದೆ. ಈ ವರ್ಷ ಎಷ್ಟು ಬೆಳೆದೆ ಎಂದು ಬರೆಯಲು ಕೂತರೆ ಕಳೆದೆರಡು ತಿಂಗಳು ಬಿಟ್ಟು ಏನೂ ನೆನಪಾಗದು. ಏನು ಮಾಡಲಿ?

ಉತ್ತರ: ಹತ್ತಿರದ ದಿನಗಳೇ ಮನಸ್ಸಿನಲ್ಲಿ ಮುಂದೆ ನಿಲ್ಲುತ್ತವೆ, ಹಾಗಾಗಿ ಬರೀ ನೆನಪನ್ನು ನಂಬಬೇಡಿ. ಮೊಬೈಲಿನ ಫೋಟೊಗಳು, ಬ್ಯಾಂಕ್ ಪಾಸ್‌ಬುಕ್, ಗುರುತು ಹಾಕಿದ ಕ್ಯಾಲೆಂಡರ್ ಮುಂದಿಟ್ಟುಕೊಂಡು ಹಿಂದಿನ ಹುಟ್ಟುಹಬ್ಬದಿಂದ ಈಚೆಗೆ ಬನ್ನಿ. 12 ತಿಂಗಳಿಗೆ 12 ಪುಟ, ಪುಟಕ್ಕೆ ಮೂರೇ ಸಾಲು: ಏನಾಯಿತು, ಆಗ ಏನು ಮಾಡಿದಿರಿ, ಈಗಾಗಿದ್ದರೆ ಏನು ಮಾಡುತ್ತಿದ್ದಿರಿ. ಕೊನೆಯ ಎರಡು ಸಾಲುಗಳ ನಡುವೆ ವ್ಯತ್ಯಾಸ ಕಂಡ ಕಡೆ ನೀವು ನಿಜಕ್ಕೂ ಬದಲಾಗಿದ್ದೀರಿ. ‘ತಾಳ್ಮೆ ಹೆಚ್ಚಿತು’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಯಾರೊಂದಿಗೆ, ಯಾವ ಮಾತಿಗೆ ಎಂದು ಬರೆಯಿರಿ. ಹುಟ್ಟುಹಬ್ಬದ ದಿನವೇ ಕೂರಬೇಡಿ, ಫೋನ್ ಕರೆಗಳು ಬಿಡುವುದಿಲ್ಲ. ಎರಡು ಮೂರು ದಿನ ಮೊದಲೇ ಮುಗಿಸಿ.