ಅಪ್ಪನಿಗೆ ಕ್ಯಾಲ್ವಿನ್ ಬೋಧನೆ ಒಪ್ಪಿಸೋದು ಹೇಗೆ ಅಂತ ಕೇಳಿದ್ದೀರಿ. ಒಪ್ಪಿಸಬೇಡಿ

ಜಾನ್ ವೆಸ್ಲಿಯ ದಾರಿಯ ಮೆಥಡಿಸ್ಟ್ ಸಭೆಗೆ ಸೇರಿದ ಮನೆ, ಯಾರಿಗೆ ರಕ್ಷಣೆ ಅಂತ ದೇವರೇ ಮೊದಲೇ ಆರಿಸುತ್ತಾನೆ ಅನ್ನೋ ಕ್ಯಾಲ್ವಿನ್ ಬೋಧನೆ ಹಿಡಿದ ಮಗ, ಊಟಕ್ಕೆ ಕೂತರೆ ವಾದ. ಸಭೆ ಬಿಟ್ಟ ಚಿಕ್ಕಪ್ಪನ ಉದಾಹರಣೆ ಕೊಟ್ಟರೆ ಅಪ್ಪನಿಗೆ ಅರ್ಥ ಆಗಬಹುದಾ ಅಂತಲೂ ಬರೆದಿದ್ದೀರಿ. ಆ ಸಾಲು ಓದಿದಾಗ ನನ್ನ ಎದೆ ಧಸಕ್ ಅಂತು.

ನಮ್ಮದು ಹುಮನಾಬಾದ್ ಹತ್ತಿರದ ಹಳ್ಳಿ. ಅಜ್ಜನ ಕಾಲದಿಂದ ಮೆಥಡಿಸ್ಟ್. ಬೀದರ್ ಕಡೆ ಅದೇ ಜಾಸ್ತಿ ಅಲ್ವಾ. ಹೈದರಾಬಾದ್‌ನಲ್ಲಿ ಕೆಲಸಕ್ಕಿದ್ದಾಗ ಗೆಳೆಯನೊಬ್ಬ ಸತ್ಯವೇದದಲ್ಲಿ ಪೌಲ ರೋಮಾಪುರದವರಿಗೆ ಬರೆದ ಪತ್ರದ 9ನೇ ಅಧ್ಯಾಯ ಓದಿಸಿದ. ನಾನು ದೇವರನ್ನು ಹುಡುಕಿಕೊಂಡದ್ದಲ್ಲ, ಆತನೇ ನನ್ನನ್ನು ಆರಿಸಿಕೊಂಡ. ಆ ಸಮಾಧಾನ ಇವತ್ತಿಗೂ ಹೋಗಿಲ್ಲ.

ಊರಿಗೆ ಬಂದು ಅಪ್ಪನ ಹಿಂದೆ ಬಿದ್ದೆ. ರಕ್ಷಣೆ ಮನುಷ್ಯನ ಕೈಲಿದೆ ಅಂತ ನೀವು ನಂಬುತ್ತೀರಿ ಅಂದೆ. ನಾನು ಹಾಗೆ ಅಂದದ್ದೇ ಸುಳ್ಳು. ಕೃಪೆ ಮೊದಲು ಬರದಿದ್ದರೆ ಮನುಷ್ಯ ಒಂದು ಹೆಜ್ಜೆಯೂ ಇಡಲಾರ ಅಂತ ಕ್ಯಾಲ್ವಿನ್ ಬೋಧನೆಯನ್ನು ಪ್ರಶ್ನಿಸಿದ ಡಚ್ ಬೋಧಕ ಆರ್ಮಿನಿಯಸ್, ಜಾನ್ ವೆಸ್ಲಿ ಇಬ್ಬರೂ ಹೇಳಿದ್ದಾರೆ. ಬಂದ ಕೃಪೆಯನ್ನು ಮನುಷ್ಯ ಬೇಡ ಅನ್ನಬಹುದಾ? ದೊಡ್ಡ ಜಗಳ ಇರೋದು ಅಲ್ಲಿ. 1610ರಲ್ಲಿ ಆರ್ಮಿನಿಯಸ್ ಕಡೆಯವರು, ಬೇಡ ಅನ್ನಬಹುದು ಅನ್ನೋದೂ ಸೇರಿ ಐದು ಅಂಶ ಬರೆದುಕೊಟ್ಟರು. 1618-19ರಲ್ಲಿ ಡಚ್ ಊರು ಡಾರ್ಟ್‌ನಲ್ಲಿ ಸೇರಿದ ಕ್ಯಾಲ್ವಿನ್ ಕಡೆಯವರ ಸಭೆ ಅವನ್ನು ತಳ್ಳಿಹಾಕಿತು. ನಾನು ಡಾರ್ಟ್ ಡಾರ್ಟ್ ಅಂತಿದ್ದೆ, ಅದರ ಬರಹ ಓದಿರಲಿಲ್ಲ.

ಆಗ ನನ್ನ ತಮ್ಮ ಸಭೆಗೆ ಬರೋದು ಬಿಟ್ಟು ಎರಡು ವರ್ಷ ಆಗಿತ್ತು. ಕುಡಿತ ಶುರುವಾಗಿತ್ತು. ಅವ್ವ ಪ್ರತಿ ಶುಕ್ರವಾರ ಉಪವಾಸ ಪ್ರಾರ್ಥನೆಯಲ್ಲಿ ಅವನ ಹೆಸರು ಹಿಡಿದು ಅಳುತ್ತಿದ್ದಳು. ಒಂದು ಸಂಜೆ ಅಪ್ಪ "ಅವ ತಿರುಗಿ ಬರ್ತಾನ" ಅಂದರು. ನಾನು ಸುಮ್ನೆ ಇರಲಿಲ್ಲ. "ಆರಿಸಿದವರು ಬಿದ್ದು ಹೋಗಂಗಿಲ್ಲಪ್ಪ. ಬಿದ್ದಾನಂದ್ರ ದೇವ್ರು ಅವನ್ನ ಆರಿಸೇ ಇಲ್ಲ" ಅಂದೆ.

ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ಹಾಗೇ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಸೀದ ವಾಸನೆ ಬಂತು. ಯಾರೂ ತಿರುವಿ ಹಾಕಲಿಲ್ಲ. ತಮ್ಮ ಹೊರಗೆ ಕಟ್ಟೆ ಮೇಲೆ ಕೂತಿದ್ದ, ನನಗೆ ಗೊತ್ತಿರಲಿಲ್ಲ. ಬಾಗಿಲಿಗೆ ಬಂದು, "ದೇವ್ರ ಪಟ್ಟಿ ನೋಡಿ ಬಂದೀಯೇನಣ್ಣ?" ಅಂದ. ಮರುದಿನ ಪುಣೆಗೆ ಹೋದವನು ಮೂರು ವರ್ಷ ಮನೆಗೆ ಬರಲಿಲ್ಲ.

ನಾನು ಕಟುವಾಗಿ ಮಾತಾಡಿದ್ದಷ್ಟೇ ತಪ್ಪು ಅಂತ ತಿಳಿಯಬೇಡಿ. ಮೆತ್ತಗೆ ಹೇಳಿದ್ದರೂ ಅದು ತಪ್ಪೇ. ದೇವರು ಆರಿಸುತ್ತಾನೆ ಅಂತ ನಂಬೋದು ಬೇರೆ. ಯಾರನ್ನು ಆರಿಸಿಲ್ಲ ಅಂತ ನನಗೆ ಗೊತ್ತು ಅನ್ನೋದು ಬೇರೆ. ಮೊದಲನೆಯದು ಬೋಧನೆ. ಎರಡನೆಯದನ್ನು ನಾನೇ ಸೇರಿಸಿದೆ. ಆಮೇಲೆ ಡಾರ್ಟ್ ಬರಹ ಕೂತು ಓದಿದೆ. ಇನ್ನೂ ಕರೆ ಬಾರದವರ ಮುಂದೆ ಹೆಮ್ಮೆ ಪಡಬೇಡಿ, ಅವರಿಗಾಗಿ ಪ್ರಾರ್ಥಿಸಿ ಅಂತ ಅದರಲ್ಲೇ ಇದೆ. ದೇವರ ಮಕ್ಕಳೂ ಘೋರವಾಗಿ ಬೀಳುತ್ತಾರೆ ಅನ್ನೋದಕ್ಕೆ ದಾವೀದ, ಪೇತ್ರರ ಉದಾಹರಣೆ ಕೊಟ್ಟಿದ್ದಾರೆ. ಅಂದರೆ ನನ್ನ ತಮ್ಮನ ಬಗ್ಗೆ ನಾನು ಹೇಳಿದ್ದು ಕ್ಯಾಲ್ವಿನ್ ಬೋಧನೆಯೂ ಅಲ್ಲ. ನನ್ನ ಸತ್ಯವೇದದಲ್ಲಿ 9ನೇ ಅಧ್ಯಾಯಕ್ಕೆ ಗೆರೆ ಎಳೆದದ್ದೆಲ್ಲ 11ನೇ ವಚನದಿಂದ ಈಚೆಗೆ. ಅಧ್ಯಾಯ ಶುರುವಾಗೋದು ಪೌಲನ ದುಃಖದಿಂದ. ತನ್ನ ಜನರಿಗಾಗಿ ತಾನೇ ಕ್ರಿಸ್ತನಿಂದ ದೂರವಾದರೂ ಆಗಲಿ ಅಂತಾನೆ. 10ನೇ ಅಧ್ಯಾಯದ ಮೊದಲ ವಚನವೇ ಅವರ ರಕ್ಷಣೆಗಾಗಿ ಪ್ರಾರ್ಥನೆ. ಅದಕ್ಕೆ ನಾನು ಗೆರೆ ಎಳೆದಿರಲಿಲ್ಲ.

ತಮ್ಮ ಈಗ ಕ್ರಿಸ್ಮಸ್‌ಗೆ ಬರುತ್ತಾನೆ. ಅವ್ವನ ಜೊತೆ ಮಾತು, ನನ್ನ ಜೊತೆ ಎಷ್ಟು ಬೇಕೋ ಅಷ್ಟೇ.

ಸಭೆ ಬಿಡಬೇಕಾ ಅಂತ ಕೇಳಿದ್ದೀರಿ. ಬೇಡ. ಇದೇ ವಿಷಯಕ್ಕೆ ವೆಸ್ಲಿ, ಕ್ಯಾಲ್ವಿನ್ ಬೋಧನೆ ಹಿಡಿದ ಅವನ ಗೆಳೆಯ ವೈಟ್‌ಫೀಲ್ಡ್ ಬೇರೆಯಾದರು. ಆದರೂ 1770ರಲ್ಲಿ ವೈಟ್‌ಫೀಲ್ಡ್ ತೀರಿಕೊಂಡಾಗ ಅವನ ನೆನಪಿನ ಪ್ರಸಂಗ ಮಾಡಿದ್ದು ವೆಸ್ಲಿಯೇ. ಚಿಕ್ಕಪ್ಪನ ಹೆಸರು ವಾದಕ್ಕೆ ತರಲೇಬೇಡಿ. ಇವತ್ತು ಅಪ್ಪ ಮಾತು ತೆಗೆದರೆ 9ನೇ ಅಧ್ಯಾಯದ ಮೊದಲ ಐದು ವಚನ ಅವರ ಬಾಯಿಂದಲೇ ಓದಿಸಿ. ಆಮೇಲೆ ಚಿಕ್ಕಪ್ಪನಿಗೆ ಫೋನ್ ಮಾಡಿ, ಊಟ ಆಯ್ತಾ ಅಂತ ಕೇಳಿ.