ದೀಪದ ಹೆಣ್ಣನ್ನು ಬರೆದವರು ಯಾರು?

ಹಾಸನದ ಓದುಗರೊಬ್ಬರು ಬರೆದಿದ್ದಾರೆ: "ಮಕ್ಕಳ ಜೊತೆ ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋಗಿದ್ದೆವು. ಅರ್ಧ ಗಂಟೆಯಲ್ಲಿ ಎಲ್ಲ ಕೋಣೆ ಸುತ್ತಿ ಹೊರಗೆ ಬಂದೆವು. ರವಿವರ್ಮನ ದೀಪದ ಹೆಣ್ಣು ಬಿಟ್ಟರೆ ಒಂದೂ ನೆನಪಿಲ್ಲ. ಮಕ್ಕಳಿಗಂತೂ ಬೇಜಾರು. ಕಲೆ ಗೊತ್ತಿಲ್ಲದ ನಮ್ಮಂಥವರು ಅಲ್ಲಿ ಏನು ನೋಡಬೇಕು?"

ಒಂದು ಚಿತ್ರ ನೆನಪಿದೆ ಅಂದಿರಲ್ಲ, ಅದು ಕಡಿಮೆಯೇನಲ್ಲ. ಆದರೆ ಅದು ರವಿವರ್ಮನದ್ದಲ್ಲ! ನೀವೊಬ್ಬರೇ ಅಲ್ಲ, ಎಷ್ಟೋ ಜನ ಹಾಗೇ ಅಂದುಕೊಂಡಿದ್ದಾರೆ. ಬರೆದವರು ಸಾವಂತವಾಡಿಯ ಎಸ್.ಎಲ್. ಹಲ್ದಣಕರ್. ದೀಪ ಹಿಡಿದು ನಿಂತವಳು ಅವರ ಮಗಳು. ಇನ್ನೊಂದು ವಿಷಯ, ಅದು ಎಣ್ಣೆಬಣ್ಣದ ಚಿತ್ರವೂ ಅಲ್ಲ. ಕಾಗದದ ಮೇಲೆ ಬರೆದ ಜಲವರ್ಣ.

ಇದರಲ್ಲೇನು ವಿಶೇಷ ಅಂತೀರಾ? ಎಣ್ಣೆಬಣ್ಣದಲ್ಲಾದರೆ ಕಪ್ಪಿನ ಮೇಲೆ ಬಿಳಿ ಹಚ್ಚಿ ತಿದ್ದಬಹುದು. ತೆಳು ಜಲವರ್ಣದಲ್ಲಿ ಆ ಅನುಕೂಲ ಇಲ್ಲ. ಅಲ್ಲಿ ಕಾಗದದ ಬಿಳುಪೇ ಬೆಳಕು. ಎಲ್ಲಿ ಬೆಳಗಬೇಕೋ ಅಲ್ಲಿ ಬಣ್ಣ ಹೋಗದಂತೆ ಮೊದಲೇ ಕಾಯ್ದುಕೊಳ್ಳಬೇಕು. ಕತ್ತಲೆಯೇ ತುಂಬಿದ ಚಿತ್ರದಲ್ಲಿ ಇದು ಎಂಥ ಕಷ್ಟ ಯೋಚಿಸಿ. ಮುಂದಿನ ಸಲ ಅವಳ ಮುಖ ಬಿಡಿ, ದೀಪಕ್ಕೆ ಮರೆಯಾಗಿ ಹಿಡಿದ ಅಂಗೈ ನೋಡಿ. ಟಾರ್ಚಿನ ಮೇಲೆ ಕೈ ಇಟ್ಟರೆ ಬೆರಳು ಕೆಂಪಗೆ ಕಾಣುತ್ತದಲ್ವಾ, ಆ ಕೆಂಪು ಅಲ್ಲಿದೆ.

ಮಕ್ಕಳಿಗೆ ಮಾತ್ರ ನಿಜವಾದ ರವಿವರ್ಮನನ್ನೇ ತೋರಿಸಿ. 'ಗ್ಯಾಲಕ್ಸಿ ಆಫ್ ಮ್ಯುಸಿಶಿಯನ್ಸ್' ಅನ್ನುವ 1889ರ ಚಿತ್ರ ಅಲ್ಲೇ ಇದೆ. ಹನ್ನೊಂದು ಹೆಂಗಸರು, ಒಬ್ಬೊಬ್ಬರದು ಒಂದೊಂದು ಸೀಮೆಯ ಉಡುಗೆ. ಯಾರು ಯಾವ ಕಡೆಯವರು, ಸೀರೆ ಹೇಗೆ ಉಟ್ಟಿದ್ದಾರೆ, ಹ್ಯಾಟ್ ಹಾಕಿಕೊಂಡವಳು ಇಲ್ಲಿಗೆ ಹೇಗೆ ಬಂದಳು ಅಂತ ಕೇಳಿ. ಅವರೇ ಜಗಳ ಶುರುಮಾಡುತ್ತಾರೆ. ನೀವು ಸುಮ್ನೆ ಪಕ್ಕದಲ್ಲಿ ನಿಂತರಾಯಿತು.

ಕಟ್ಟಡವನ್ನೂ ನೋಡದೆ ಬರಬೇಡಿ. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ್ದು. 1897ರಲ್ಲಿ ಮರದ ಅರಮನೆ ಸುಟ್ಟುಹೋದ ಮೇಲೆ ರಾಜಮನೆತನ ಇಲ್ಲಿತ್ತು. ನಾಲ್ವಡಿಯವರ ಪಟ್ಟಾಭಿಷೇಕ 1902ರಲ್ಲಿ ನಡೆದದ್ದೂ ಇಲ್ಲೇ. ಚಿತ್ರಶಾಲೆ ಆಗಿದ್ದು 1915ರಲ್ಲಿ. ಗೋಡೆಗಳ ಮೇಲೇ ದಸರಾ ಮೆರವಣಿಗೆಯ ಚಿತ್ರಗಳಿವೆ. ಚೌಕಟ್ಟು ಹಾಕಿದ್ದನ್ನು ಮಾತ್ರ ನೋಡುವವರ ಕಣ್ಣಿಗೆ ಅವು ಬೀಳುವುದೇ ಇಲ್ಲ.

ಕೊನೆಗೆ, ನಿಮ್ಮ ಮಕ್ಕಳ ಬೇಜಾರಿನ ಬಗ್ಗೆ. ನೀವು ಪತ್ರದಲ್ಲಿ ಹೇಳಿಲ್ಲ, ಆದರೆ ನನಗೊಂದು ಅನುಮಾನ. ಬೆಳಗ್ಗೆ ಬೆಟ್ಟ, ಆಮೇಲೆ ಮೃಗಾಲಯ, ಊಟವಾದ ಮೇಲೆ ದೊಡ್ಡ ಅರಮನೆ, ಅದಾದ ಮೇಲೆ ಇದು ಅಲ್ವಾ? ಆನೆ, ಹುಲಿ ನೋಡಿ ಕಾಲು ಸೋತ ಮಕ್ಕಳ ಮುಂದೆ ಯಾವ ಕಲಾವಿದ ತಾನೇ ಗೆಲ್ಲುತ್ತಾನೆ? ಮುಂದಿನ ಸಲ ಇಲ್ಲಿಗೇ ಮೊದಲು ಹೋಗಿ. ಟಿಕೆಟ್ ದುಡ್ಡು ವಸೂಲಾಗಲಿ ಅಂತ ಎಲ್ಲ ಕೋಣೆ ಸುತ್ತಬೇಡಿ. ನಾಲ್ಕೈದು ಚಿತ್ರ ನೋಡಿ, ಮಕ್ಕಳು ಹಸಿವು ಅನ್ನುವ ಮೊದಲೇ ಹೊರಡಿ.

— ಸಂಪಾದಕ